ತಿಪ್ಪೆಯಿಂದ ಘಂಟಾಗಾಡಿಗೆ



ದೀಪಾವಳಿಯ ಪಾಡ್ಯದ ದಿನ ನಮ್ಮ ಕಡೆಯ ಅನೇಕ ಹಳ್ಳಿಗಳಲ್ಲಿ ತಿಪ್ಪೆಗೂ ಒಂದು ದೀಪ ಇಡುವ ವಾಡಿಕೆಯಿದೆ. ದೇವರ ಜಗಲಿ, ಹೊಸ್ತಿಲು, ದನದ ಕೊಟ್ಟಿಗೆ ಮುಗಿದ ಮೇಲೆ ಮನೆಯ ಹೆಣ್ಣುಮಗಳು ಹಣತೆ ಹಿಡಿದು ಹಿತ್ತಲಿಗೆ ಹೋಗಿ ತಿಪ್ಪೆಯ ನೆತ್ತಿಯ ಮೇಲೆ ಅದನ್ನು ಇಟ್ಟು ಬರುತ್ತಾಳೆ. ಹೊಲಸಿಗೆ ಯಾರೂ ದೀಪ ಹಚ್ಚುವುದಿಲ್ಲ. ನಮ್ಮ ಹಿರಿಯರ ಕಣ್ಣಿಗೆ ತಿಪ್ಪೆ ಎಂದರೆ ಬರುವ ವರ್ಷದ ಜೋಳ. ಗಡಹಿಂಗ್ಲಜ ತಾಲೂಕಿನ ನೂಲ, ಹಲಕರ್ಣಿ, ಬಸರ್ಗೆ, ಹೆಬ್ಬಾಳದ ಕಡೆ ಇದೇ ತಿಪ್ಪೆಗೆ ಎರಡು ಹೆಸರು. ಅಜ್ಜಿ 'ತಿಪ್ಪಿ' ಅನ್ನುತ್ತಾಳೆ, ಮರಾಠಿ ಶಾಲೆಯಲ್ಲಿ ಕಲಿತ ಮೊಮ್ಮಗ 'ಉಕಿರಡಾ' ಅನ್ನುತ್ತಾನೆ. ಹೆಸರು ಎರಡಾದರೂ ಪುಟ್ಟಿ ಬರಿದಾಗುವ ಜಾಗ ಒಂದೇ.

ಈ ಹೊತ್ತು ನಾನು ಹೇಳಬೇಕೆಂದಿರುವುದು, ಆ ತಿಪ್ಪೆಯನ್ನು ಬಿಟ್ಟು ಇಚಲಕರಂಜಿಗೋ ಕೊಲ್ಹಾಪುರಕ್ಕೋ ಹೊಟ್ಟೆಪಾಡಿಗೆ ಹೋದ ನಮ್ಮ ಜನ ತಮ್ಮ ಮನೆಯ ಕಸವನ್ನು ಏನು ಮಾಡಿದರು ಎಂಬ ಕಥೆಯನ್ನು. ಪಟ್ಟಣದವರು ಅವರಿಗೆ ಈಗ 'ಕಸ ಬೇರ್ಪಡಿಸಲು ಕಲಿಯಿರಿ' ಎಂದು ಪಾಠ ಹೇಳುತ್ತಿದ್ದಾರೆ. ಆದರೆ ಬೇರ್ಪಡಿಸುವುದನ್ನು ಚೆನ್ನಾಗಿ ಬಲ್ಲವರಾಗಿಯೇ ಅವರು ಬಂದಿದ್ದರು. ಪಟ್ಟಣವೇ ಅದನ್ನು ಮರೆಸಿತು ಎಂಬುದು ನನ್ನ ಎಣಿಕೆ.

ಹಳ್ಳಿಯ ಮನೆಯನ್ನೇ ಒಮ್ಮೆ ನೋಡೋಣ. ನಸುಕಿನಲ್ಲಿ ಹೆಂಡಿಕಸ ಮಾಡುವ ಹೆಂಗಸು ಹೆಂಡಿಯನ್ನೇ ಎರಡು ಪಾಲು ಮಾಡುತ್ತಿದ್ದಳು. ಒಂದು ಪಾಲು ಕುಳ್ಳಿಗೆ, ಇನ್ನೊಂದು ತಿಪ್ಪೆಗೆ. ಒಲೆಯ ಬೂದಿ ಪಾತ್ರೆ ತಿಕ್ಕಲು, ಬೀಜದ ಕಾಳಿಗೆ ಹುಳು ಹತ್ತದಂತೆ ಬೆರೆಸಲು, ಉಳಿದದ್ದು ಕಾಯಿಪಲ್ಲೆಯ ಗಿಡದ ಬುಡಕ್ಕೆ. ಮುಸುರೆ ನೀರು ಎಮ್ಮೆಗೆ. ಕಾಯಿಪಲ್ಲೆಯ ಸಿಪ್ಪೆ ಆಡಿಗೆ, ಆಡು ಮುಟ್ಟದ್ದು ತಿಪ್ಪೆಗೆ. ಶೇಂಗಾದ ಹೊಟ್ಟು ಒಲೆಗೆ. ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆ ಒಣಗಿ, ಅದೇ ಗಾಣದ ಹಾಲು ಕುದಿಸುವ ಒಲೆಗೆ ಮರಳುತ್ತಿತ್ತು. ಹೆಸರಾದ ಕೊಲ್ಹಾಪುರದ ಬೆಲ್ಲ ಕುದ್ದದ್ದು ಕಬ್ಬಿನದೇ ಕಸದ ಮೇಲೆ! ಹರಿದ ಸೀರೆ, ಧೋತರ ಕೌದಿಗೆ. ಇದೇ ಕೌದಿಗೆ ಕೊಲ್ಹಾಪುರದ ಮರಾಠಿಯಲ್ಲಿ 'ವಾಕಳ' ಅನ್ನುತ್ತಾರೆ. ಮುರಿದ ಕಬ್ಬಿಣ ಕಮ್ಮಾರನಿಗೆ. ಉದುರಿದ ತಲೆಗೂದಲನ್ನೂ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಕೂದಲು ಕೊಳ್ಳುವವಳು ಬಂದಾಗ ಸೂಜಿ ಪಿನ್ನುಗಳಿಗೆ ಬದಲಾಯಿಸಿಕೊಳ್ಳುತ್ತಿದ್ದರು.

ಎಣಿಸಿ ನೋಡಿದರೆ ಎಂಟು ಹತ್ತು ಬಗೆಯ ವಿಂಗಡಣೆ. ಬಕೆಟ್ಟಿಲ್ಲ, ಬಣ್ಣವಿಲ್ಲ, ಫಲಕವಿಲ್ಲ. ಯಾವ ವಸ್ತು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಕಣ್ಣ ಮುಂದೆಯೇ ಇತ್ತು, ಕೈ ತಾನಾಗಿ ಆ ಕಡೆ ಹೋಗುತ್ತಿತ್ತು.

ಇದನ್ನೆಲ್ಲ ಹೊಗಳಿ ಸುಮ್ಮನಾದರೆ ಇತಿಹಾಸಕ್ಕೆ ಮೋಸ ಮಾಡಿದಂತಾಗುತ್ತದೆ. ಸತ್ತ ದನವನ್ನು ಎಳೆಯುವುದು, ಪೇಟೆಯ ಓಣಿ ಗುಡಿಸುವುದು, ಮಲ ಹೊರುವುದು ಇವೂ ವಿಂಗಡಣೆಯ ಕೆಲಸಗಳೇ ಆಗಿದ್ದವು. ಅಲ್ಲಿ ವಸ್ತುಗಳ ಜೊತೆಗೆ ಮನುಷ್ಯರನ್ನೂ ಬೇರೆ ಮಾಡಿ ಇಟ್ಟಿದ್ದರು, ಅದೂ ಹುಟ್ಟಿನಿಂದ. ಮರಾಠಿಯಲ್ಲಿ 'ಸೋನಖತ' ಎಂಬ ಮಾತಿದೆ, ಚಿನ್ನದ ಗೊಬ್ಬರ ಎಂದು ಅರ್ಥ. ಮನುಷ್ಯನ ಮಲದಿಂದಾದ ಗೊಬ್ಬರಕ್ಕೆ ಆ ಹೆಸರು. ಗೊಬ್ಬರ ಚಿನ್ನವಾಯಿತು, ಹೊತ್ತವನ ತಲೆಗೆ ಮಾತ್ರ ಬೆಲೆ ಬರಲಿಲ್ಲ. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದಳೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಓಣಿ ಗುಡಿಸಲು ಬಂದವಳಿಗೆ ನೀರನ್ನು ಮೇಲಿನಿಂದ ಸುರಿದವರೂ ನಮ್ಮ ನಡುವೆಯೇ ಇದ್ದರು. ಕೊಲ್ಹಾಪುರದ ಶಾಹು ಮಹಾರಾಜರು 1918ರಲ್ಲಿ ಮಹಾರ ವತನವನ್ನು ರದ್ದು ಮಾಡಿದರು. 1920ರ ಮಾರ್ಚಿನಲ್ಲಿ ಮಾಣಗಾವದ ಪರಿಷತ್ತಿನಲ್ಲಿ ಡಾ. ಅಂಬೇಡ್ಕರರ ಜೊತೆ ಕುಳಿತರು. ಇಚಲಕರಂಜಿಯ ನೆರೆಯಲ್ಲೇ ಇರುವ ಮಾಣಗಾವ ಅದು. ಕಸದ ಇತಿಹಾಸ ಬರೆಯುವವರು ಈ ಎರಡು ವರ್ಷಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಇನ್ನು ಪಟ್ಟಣದ ಮಾತು. ಕೊಲ್ಹಾಪುರದಲ್ಲಿ ನಗರಪಾಲಿಕೆ ಹುಟ್ಟಿದ್ದು 1854ರಲ್ಲಿ, ಗಡಹಿಂಗ್ಲಜದಲ್ಲಿ 1887ರಲ್ಲಿ, ಇಚಲಕರಂಜಿಯಲ್ಲಿ 1893ರಲ್ಲಿ. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದಿನ ವರ್ಷಗಳಲ್ಲಿ ಈ ಸೀಮೆಗೂ ಬಂತು. ಇಲಿ ಬಿದ್ದ ಕೂಡಲೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ಅಜ್ಜಂದಿರು ಹೇಳುತ್ತಿದ್ದರು. ಆಗಿನಿಂದ ಸರಕಾರದ ಕಣ್ಣಿನಲ್ಲಿ ಕಸಕ್ಕೆ ಬೇರೆ ಅರ್ಥ ಬಂದಿತು. ಅದು ಬೇನೆಯ ಬೇರು, ಆದಷ್ಟು ಬೇಗ ಊರಾಚೆ ಒಯ್ದು ಚೆಲ್ಲಬೇಕಾದದ್ದು. ಹೊಲಕ್ಕೆ ಹೋಗುತ್ತದೋ ಹಳ್ಳಕ್ಕೆ ಹೋಗುತ್ತದೋ ಎಂಬುದು ಎರಡನೆಯ ಮಾತಾಯಿತು.

ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ಹಾಕಿದರು. ಘೋರ್ಪಡೆ ಜಹಗೀರದಾರರ ಆಸರೆ ಸಿಕ್ಕು ಮಗ್ಗಗಳು ಬೆಳೆದವು, ಸ್ವಾತಂತ್ರ್ಯದ ನಂತರ ಓಣಿ ಓಣಿಯಲ್ಲಿ ಅವುಗಳ ಖಟಖಟ ಕೇಳತೊಡಗಿತು. ರಬಕವಿ, ಬನಹಟ್ಟಿಯ ನೇಕಾರರು, ಚಿಕ್ಕೋಡಿ ಅಥಣಿಯ ಕಡೆಯ ಕೂಲಿಕಾರರು, ಗಡಹಿಂಗ್ಲಜದ ಹಳ್ಳಿಗಳ ಹುಡುಗರು ಇಲ್ಲಿಗೆ ಬಂದರು. 1949ರ ಮಾರ್ಚ್ 1ಕ್ಕೆ ಕೊಲ್ಹಾಪುರ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ಸೇರಿತು. 1956ರಲ್ಲಿ ಗೆರೆಗಳು ಮತ್ತೆ ಬದಲಾದವು, ಬೆಳಗಾವಿಯ ಕಡೆ ಇದ್ದ ಚಂದಗಡ ಕೊಲ್ಹಾಪುರ ಜಿಲ್ಲೆಗೆ ಬಂತು. ಹೀಗಾಗಿ ಒಂದೇ ಬೀಗರ ಮನೆಗೆ ಹೋಗುವ ದಾರಿ ಪರರಾಜ್ಯದ ದಾರಿಯಾಯಿತು. 2011ರ ಜನಗಣತಿಯ ಹೊತ್ತಿಗೆ ಇಚಲಕರಂಜಿಯಲ್ಲಿ 2 ಲಕ್ಷ 87 ಸಾವಿರ ಜನರಿದ್ದರು, 2022ರಲ್ಲಿ ಅದು ಮಹಾನಗರಪಾಲಿಕೆಯೂ ಆಯಿತು.

ಬಂದವರಿಗೆ ಸಿಕ್ಕದ್ದು ಬಾಡಿಗೆಯ ಒಂದು ಖೋಲಿ. ಹತ್ತು ಅಡಿಗೆ ಹತ್ತು ಅಡಿ, ಮುಂದೆ ಗಟಾರ, ಹಿಂದೆ ಇನ್ನೊಬ್ಬರ ಗೋಡೆ. ಮದುವೆಯಾಗಿ ಹಳ್ಳಿಯಿಂದ ಹೊಸದಾಗಿ ಬಂದ ಸೊಸೆ ಮೊದಲ ದಿನವೇ ಕೇಳಿರಬಹುದಾದ ಪ್ರಶ್ನೆ: "ಅತ್ತಿ, ಬದನಿಕಾಯಿ ತುಂಬು ಎಲ್ಲಿ ಚೆಲ್ಲಲಿ?" ಅತ್ತೆಯ ಉತ್ತರವೂ ಗೊತ್ತಿರುವಂಥದ್ದೇ: "ಕೊಂಡಾಳ್ಯಾಗ ಒಗದು ಬಾ ತಂಗಿ, ಇಲ್ಲಿ ಆಡೂ ಇಲ್ಲ, ತಿಪ್ಪೀನೂ ಇಲ್ಲ." ಕೊಂಡಾಳೆ ಎಂದರೆ ಓಣಿಯ ತುದಿಯಲ್ಲಿ ನಗರಪಾಲಿಕೆ ಕಟ್ಟಿಸಿದ ಕಸದ ಕಟ್ಟೆ. ಅದರಲ್ಲಿ ಸಿಪ್ಪೆ, ಬೂದಿ, ಒಡೆದ ಗಾಜು, ಮಗುವಿನ ಮಲ, ಹಳಸಿದ ಅನ್ನ ಎಲ್ಲ ಒಂದೇ ರಾಶಿ. ಕನ್ನಡದಲ್ಲಿ ಅವಕ್ಕೆ ಬೇರೆ ಬೇರೆ ಹೆಸರಿದ್ದವು. ಕೊಂಡಾಳೆಯಲ್ಲಿ ಬಿದ್ದ ಮೇಲೆ ಎಲ್ಲಕ್ಕೂ ಒಂದೇ ಹೆಸರು, ಕಚರಾ. ನಾನು ಮರೆಸುವಿಕೆ ಎಂದು ಕರೆದದ್ದು ಇದನ್ನು. ವಸ್ತುಗಳಿಗೆ ಹೋಗುವ ಜಾಗಗಳು ಇಲ್ಲವಾದ ಮೇಲೆ ಅವನ್ನು ಬೇರ್ಪಡಿಸುವ ಕೈಗೆ ಕೆಲಸವೇ ಉಳಿಯಲಿಲ್ಲ.

ಪೂರ್ತಿ ಮರೆಯಿತೇ ಎಂದರೆ, ಇಲ್ಲ. ದಾರಿ ಉಳಿದಲ್ಲಿ ಜಾಣ್ಮೆಯೂ ಉಳಿಯಿತು. ಹಳೆಯ ಸೀರೆಗಳನ್ನು ಇಟ್ಟುಕೊಂಡು, ಸ್ಟೀಲ್ ಪಾತ್ರೆ ಹೊತ್ತು ಬರುವ ಬೋಹಾರಣಿಯ ಜೊತೆ ಚೌಕಾಸಿ ಮಾಡುವುದು ತಪ್ಪಲಿಲ್ಲ. ಹಾಲಿನ ಪ್ಲಾಸ್ಟಿಕ್ ಚೀಲವನ್ನು ತೊಳೆದು, ಖೋಲಿಯ ಗೋಡೆಗೆ ಅಂಟಿಸಿ ಒಣಗಿಸಿ, ಕಟ್ಟು ಕಟ್ಟಿ ರದ್ದಿಯವನಿಗೆ ಮಾರಿದರು. ಮಗ್ಗದ ಖೋಲಿಯಲ್ಲಿ ಉಳಿಯುವ ನೂಲಿನ ತುಂಡುಗಳು ಯಂತ್ರದ ಎಣ್ಣೆ ಒರೆಸಲು ಗ್ಯಾರೇಜುಗಳಿಗೆ ಹೋದವು. ಮನೆಯಲ್ಲಿ ಕೂತು ಕಾಂಡಿ ಸುತ್ತುವ ಹೆಂಗಸಿಗೆ ಆ ತುಂಡಿನ ಬೆಲೆ ಚೆನ್ನಾಗಿ ಗೊತ್ತು. ಕೊಲ್ಹಾಪುರದಲ್ಲಂತೂ ಕುಳ್ಳಿಗೆ, ಅಂದರೆ ಅಲ್ಲಿಯ 'ಶೇಣಿ'ಗೆ, ಬೇರೆಯೇ ಮಾನವಿದೆ. ಪಂಚಗಂಗೆಯ ದಂಡೆಯ ಸ್ಮಶಾನದಲ್ಲಿ ಶವಸಂಸ್ಕಾರಕ್ಕೆ ಶೇಣಿ ಬಳಸುತ್ತಾರೆ. ಹೋಳಿಯಲ್ಲಿ ಸುಡುವ ಬದಲು ಅಲ್ಲಿಗೆ ಶೇಣಿ ದಾನ ಕೊಡಿರೆಂದು ತರುಣ ಮಂಡಳಗಳು ಮನೆ ಮನೆಗೆ ಕೇಳಲು ಬರುವುದುಂಟು. ಸಗಣಿ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದವರು ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಪಟ್ಟಣ ಮತ್ತು ಹೊಲದ ನಡುವಿನ ದಾರಿಯನ್ನು ಮತ್ತೆ ಕಟ್ಟಲು ಯಾರೂ ಯತ್ನಿಸಲಿಲ್ಲವೆಂದಲ್ಲ. ಇಂದೂರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ 1924ರಿಂದ 1931ರವರೆಗೆ ನಮ್ಮ ರೈತರ ತಿಪ್ಪೆಯನ್ನೇ ಗುರುವಾಗಿಟ್ಟುಕೊಂಡು ಕಾಂಪೋಸ್ಟ್ ಪದ್ಧತಿ ರೂಪಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ಪಟ್ಟಣಗಳಿಗೆಂದೇ ಇನ್ನೊಂದು ಕ್ರಮ ತೋರಿಸಿದರು. ಸುಮಾರು ಒಂದು ಮೀಟರ್ ಆಳದ ತಗ್ಗು ತೋಡಿ, ಒಂದು ಪದರು ಪೇಟೆಯ ಕಸ, ಅದರ ಮೇಲೆ ತೆಳುವಾಗಿ ಮಲ, ಮತ್ತೆ ಕಸ, ಕೊನೆಗೆ ಮಣ್ಣು ಮುಚ್ಚಿ ಐದಾರು ತಿಂಗಳು ಬಿಟ್ಟರೆ ವಾಸನೆಯಿಲ್ಲದ ಗೊಬ್ಬರ ಸಿದ್ಧ. ಪ್ರಪಂಚದ ಪುಸ್ತಕಗಳಲ್ಲಿ ಇದಕ್ಕೆ 'ಬೆಂಗಳೂರು ಪದ್ಧತಿ' ಎಂದೇ ಹೆಸರು. ಆಗಿನ ಪಟ್ಟಣದ ಕಸದಲ್ಲಿ ಕೊಳೆಯದ ವಸ್ತು ಬಹಳ ಕಡಿಮೆ ಇದ್ದುದರಿಂದ ಬೆರಕೆಯಾದರೂ ನಡೆಯುತ್ತಿತ್ತು. ಯೂರಿಯಾ ಚೀಲ ಬಂದು ರೈತನಿಗೆ ಪೇಟೆಯ ಗೊಬ್ಬರ ಬೇಡವಾಯಿತು, ಪ್ಲಾಸ್ಟಿಕ್ ಬಂದು ಪೇಟೆಯ ಕಸ ಗೊಬ್ಬರವಾಗುವ ಯೋಗ್ಯತೆಯನ್ನೇ ಕಳೆದುಕೊಂಡಿತು.

1994ರ ಸೆಪ್ಟೆಂಬರಿನಲ್ಲಿ ಸೂರತ್ ಪಟ್ಟಣದಲ್ಲಿ ಪ್ಲೇಗಿನ ಗದ್ದಲವಾದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅದೂ ಇಚಲಕರಂಜಿಯಂತೆ ಮಗ್ಗಗಳ ಊರು, ವಲಸೆ ಬಂದವರ ಊರು. ಜನ ರೈಲು ಹತ್ತಿ ಓಡಿದರು. ಮರುವರ್ಷದಿಂದ ಆಯುಕ್ತ ಎಸ್. ಆರ್. ರಾವ್ ಆ ಊರನ್ನು ಗುಡಿಸಿ ಶುಚಿ ಮಾಡಿದ ರೀತಿ ದೇಶಕ್ಕೆಲ್ಲ ಮಾದರಿಯಾಯಿತು. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ ಪಟ್ಟಣಗಳ ಕಸದ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2000ದಲ್ಲಿ ಕೇಂದ್ರದ ನಿಯಮಗಳು ಬಂದವು: ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕು, ಮನೆಯಿಂದಲೇ ಒಯ್ಯಬೇಕು. ನಾಸಿಕದಲ್ಲಿ ಅಷ್ಟು ಹೊತ್ತಿಗಾಗಲೇ ಗಂಟೆ ಬಾರಿಸುತ್ತ ಬರುವ ಘಂಟಾಗಾಡಿ ಓಡುತ್ತಿತ್ತು, ಮುಂದೆ ಅದು ಮಹಾರಾಷ್ಟ್ರದ ಊರೂರಿಗೂ ಬಂತು. 2016ರ ನಿಯಮಗಳು ಮೂರು ಪಾಲು ಮಾಡಲು ಹೇಳಿದವು: ಕೊಳೆಯುವುದು, ಕೊಳೆಯದ್ದು, ಮನೆಯಲ್ಲಿನ ಅಪಾಯದ ವಸ್ತು. 2018ರ ಮಾರ್ಚ್ 23ರಂದು ಮಹಾರಾಷ್ಟ್ರ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿ, ಮೊದಲ ತಪ್ಪಿಗೆ 5,000 ರೂಪಾಯಿ ದಂಡ ಇಟ್ಟಿತು. ನೇಕಾರನ ಸಂಬಳದ ಎದುರು ಆ ದಂಡ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಿಲ್ಲ.

ಮನೆಗೆ ಬಂದದ್ದು ಮಾತ್ರ ಎರಡು ಬಕೆಟ್ಟು ಮತ್ತು ಎರಡು ಮರಾಠಿ ಮಾತು: 'ಓಲಾ ಕಚರಾ', 'ಸುಕಾ ಕಚರಾ'. ಹಸಿ ಕಸ, ಒಣ ಕಸ. ಗಡಿಯ ಕನ್ನಡಿಗನಿಗೆ ಮರಾಠಿ ಬರುತ್ತದೆ, ಅದು ತೊಡಕಲ್ಲ. ಆದರೆ ಹೊಸದಾಗಿ ಬಂದ ಬನಹಟ್ಟಿಯ ಕಡೆಯವಳ ಕಿವಿಗೆ 'ಸುಕಾ' ಎಂದರೆ ಸುಖ, 'ಓಲಾ' ಎಂದರೆ ಕಿವಿಯ ಓಲೆ! ನಗೆಯ ಮಾತು ಹಾಗಿರಲಿ, ಅರ್ಥ ತಿಳಿದ ಮೇಲೂ ತೊಡಕು ಬಿಡುವುದಿಲ್ಲ. ಬಿಸಿಲಿಗೆ ಗರಿಗರಿಯಾದ ಉಳ್ಳಾಗಡ್ಡಿಯ ಸಿಪ್ಪೆ ಹಸಿಯೋ ಒಣವೋ? ನೀರು ತೊಟ್ಟಿಕ್ಕುವ ಹಾಲಿನ ಚೀಲ? ಮುಟ್ಟಿ ನೋಡಿ ಹೇಳು ಎಂದರೆ ಯಾರಾದರೂ ತಪ್ಪುತ್ತಾರೆ. ತಿಪ್ಪೆಗೆ ಹೋಗುವುದು ಯಾವುದು, ತಿಪ್ಪೆಗೆ ಹಾಕಬಾರದ್ದು ಯಾವುದು ಎಂದು ಕೇಳಿದ್ದರೆ ಎಂಬತ್ತು ವರ್ಷದ ಮುದುಕಿಯೂ ಕಣ್ಣುಮುಚ್ಚಿ ಬೇರೆ ಮಾಡಿಕೊಡುತ್ತಿದ್ದಳು. ಹೆಸರಿಡುವಲ್ಲಿ ಒಂದು ಹಳ್ಳಿಯ ಮಾತನ್ನು ಹುಡುಕುವ ಸಹನೆ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಪರದೇಶಕ್ಕೆ ಹೋದ ನಮ್ಮವರ ಪಾಡೂ ಹೀಗೇ ಇದೆ ಎಂಬುದು ಒಂದು ಸಮಾಧಾನ. ಜರ್ಮನಿಯಲ್ಲಿ 1991ರಲ್ಲಿ ಪೊಟ್ಟಣಗಳ ಕಾಯಿದೆ ಬಂದ ಮೇಲೆ ಮನೆಯ ಕಸ ನಾಲ್ಕಾರು ಪಾಲಾಯಿತು. ಕಾಗದ ಬೇರೆ, ಅಡಿಗೆಮನೆಯ ಕಸ ಬೇರೆ, ಪೊಟ್ಟಣಗಳು ಹಳದಿ ಚೀಲಕ್ಕೆ. ಗಾಜಿನ ಸೀಸೆಯಲ್ಲೂ ಬಿಳಿ, ಹಸಿರು, ಕಂದು ಬೇರೆ ಬೇರೆ. ಅದನ್ನು ಭಾನುವಾರ ಹಾಕುವಂತಿಲ್ಲ, ಸದ್ದಾಗುತ್ತದೆ! ಕಂಪ್ಯೂಟರ್ ಕಲಿತು ಅಲ್ಲಿಗೆ ಹೋದ ಕನ್ನಡದ ಹುಡುಗನೂ ಮೊದಲ ತಿಂಗಳು ಬಕೆಟ್ಟಿನ ಮುಂದೆ ತಲೆ ಕೆರೆಯುತ್ತ ನಿಲ್ಲಬೇಕಾಗುತ್ತದೆ. ಆದರೆ ಅಲ್ಲಿಯ ಅನೇಕ ನಗರಗಳು ವಲಸೆ ಬಂದವರ ಭಾಷೆಗಳಲ್ಲಿಯೂ ಕಸದ ತಿಳಿವಳಿಕೆಯ ಪತ್ರಿಕೆ ಮುದ್ರಿಸುತ್ತವೆ. 2003ರಿಂದ ಖಾಲಿ ಸೀಸೆ, ಡಬ್ಬಿಗಳನ್ನು ಅಂಗಡಿಗೆ ಮರಳಿಸಿದರೆ 25 ಸೆಂಟ್ ಠೇವಣಿ ಕೈಗೆ ಬರುತ್ತದೆ. ನಮ್ಮ ಕೂದಲು ಕೊಳ್ಳುವವಳ ಲೆಕ್ಕವೇ ಅದು, ಯಂತ್ರದ ರೂಪದಲ್ಲಿ.

ಇಚಲಕರಂಜಿಯ ಖೋಲಿಯಲ್ಲಿ ಈ ಹೊಸ ಕೆಲಸ ಬಿದ್ದದ್ದು ಯಾರ ಮೇಲೆ ಎಂದು ಕೇಳಬೇಕೇ? ಗಂಡ ಪಾಳಿಯ ಮೇಲೆ ಮಗ್ಗಕ್ಕೆ ಹೋಗುತ್ತಾನೆ, ಘಂಟಾಗಾಡಿ ನೀರು ಬರುವ ಹೊತ್ತಿಗೇ ಬರುತ್ತದೆ. ಬೆರಕೆ ಮಾಡಿದರೆ ಬೈಗುಳ ಹೆಂಗಸಿಗೆ. ಗಾಡಿಯ ಹಿಂದೆ ನಿಂತು ಬರಿಗೈಯಿಂದ ಮತ್ತೆ ಬೇರ್ಪಡಿಸುವವಳೂ ಹೆಂಗಸೇ. ಪುಣೆಯಲ್ಲಿ ಬಾಬಾ ಆಢಾವರ ಮುಂದಾಳತ್ವದಲ್ಲಿ 1993ರಲ್ಲಿ ಚಿಂದಿ ಆಯುವವರ ಸಂಘಟನೆ ಆಯಿತು, 2008ರಲ್ಲಿ ಅವರದೇ ಸಹಕಾರಿ ಸಂಸ್ಥೆ ಮನೆ ಮನೆಯ ಕಸ ಒಯ್ಯುವ ಕೆಲಸ ಹಿಡಿಯಿತು. ಕಸ ತೆಗೆದುಕೊಳ್ಳುವವಳು ದಿನವೂ ಅದೇ ಮಾವಶಿಯಾದರೆ, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಕೊಡಬೇಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಅವಳ ಕೈ ಕಾಣುತ್ತಿರುತ್ತದೆ.

ಜನ ಸೋಲುವುದು, ತಾವು ಬೇರೆ ಮಾಡಿ ಕೊಟ್ಟದ್ದು ಗಾಡಿಯಲ್ಲಿ ಮತ್ತೆ ಒಂದಾಗುವುದನ್ನು ಕಂಡಾಗ. "ವೈನಿ, ಎರಡ ಬಕೀಟ ಯಾಕ ಇಟ್ಟೀರಿ, ಹೋಗೂದು ಒಂದ ಗಾಡ್ಯಾಗ ಅಲ್ಲೇನ್ರಿ?" ಎಂದು ನೆರೆಯವಳು ಕೇಳಿದರೆ ಉತ್ತರವಿಲ್ಲ. ಕೊಲ್ಹಾಪುರದ ಕಸ ಕಸಬಾ ಬಾವಡಾದ ಗುಡ್ಡೆಗೆ ಹೋಗುತ್ತದೆ ಎಂದು ಊರಿನವರು ಬಲ್ಲರು. ಆ ಕಡೆ ಗಾಳಿ ಬೀಸಿದಾಗ ಅಲ್ಲಿಯ ನಿವಾಸಿಗಳು ಇನ್ನೂ ಚೆನ್ನಾಗಿ ಬಲ್ಲರು. ಬೆಂಗಳೂರಿನಲ್ಲಿ ಇದೇ ಮಾತು ಜಗಳದವರೆಗೆ ಹೋಯಿತು. 2012ರಲ್ಲಿ ಮಾವಳ್ಳಿಪುರದ ಹಳ್ಳಿಗರು ತಮ್ಮ ಊರಿಗೆ ಕಸದ ಲಾರಿ ಬೇಡವೆಂದು ನಿಂತರು, ಪೇಟೆಯಲ್ಲಿ ಕಸ ಬೆಟ್ಟವಾಯಿತು, ಹೈಕೋರ್ಟು ಮನೆಯಲ್ಲೇ ಬೇರ್ಪಡಿಸಿರೆಂದು ಹೇಳಬೇಕಾಯಿತು. ಪೇಟೆಯ ಹಿತ್ತಲು ಇನ್ನೊಬ್ಬರ ಹಳ್ಳಿ ಎಂಬುದು ಅಂದು ಬೆಳಕಿಗೆ ಬಂತು.

ವಲಸೆ ಹೋದವರ ದಾರಿ ಒಂದೇ ಕಡೆಗೆ ಹರಿಯುವುದಿಲ್ಲ. ಜಾತ್ರೆಗೆ, ಬಾಣಂತನಕ್ಕೆ, ಮಗ್ಗ ನಿಂತ ತಿಂಗಳುಗಳಲ್ಲಿ ಅವರು ಊರಿಗೆ ಬರುತ್ತಾರೆ. ಪೇಟೆಯ ರೂಢಿ ಅವರ ಜೊತೆ ಬಂದಿತೋ, ಪೇಟೆಯೇ ಅಂಗಡಿಯ ರೂಪದಲ್ಲಿ ಊರಿಗೆ ಬಂದಿತೋ, ಅಂತೂ ಗಡಿಯ ಹಳ್ಳಿಯ ತಿಪ್ಪೆಯಲ್ಲಿ ಈಗ ಗುಟಖಾ ಚೀಟಿ, ಶಾಂಪೂ ಪುಡಿಕೆ, ಮಗುವಿನ ಚಡ್ಡಿ, ಔಷಧದ ಸೀಸೆ ಕಾಣುತ್ತವೆ. 2000ದಲ್ಲಿ ಮಹಾರಾಷ್ಟ್ರ ಸರಕಾರ ಗಾಡಗೆ ಬಾಬಾರ ಹೆಸರಿನಲ್ಲಿ ಗ್ರಾಮ ಸ್ವಚ್ಛತಾ ಅಭಿಯಾನ ತೆಗೆದಾಗ ನಮ್ಮ ಹಳ್ಳಿಗಳು ಬಹುಮಾನಕ್ಕಾಗಿ ಪೈಪೋಟಿಯಿಂದ ಗುಡಿಸಿದವು. ಓಣಿ ಸ್ವಚ್ಛವಾಯಿತು, ತಿಪ್ಪೆಯ ಹೊಟ್ಟೆಯೊಳಗೆ ಏನು ಸೇರುತ್ತಿದೆ ಎಂದು ನೋಡುವ ಕೆಲಸ ಮುಂದೆ ಬಿತ್ತು.

ಅದನ್ನು ಈಗ ನೋಡುತ್ತಿರುವವರು, ಎಷ್ಟೋ ಮನೆಗಳಲ್ಲಿ, ಪೇಟೆಯಲ್ಲಿ ಎರಡು ಬಕೆಟ್ಟು ಇಟ್ಟು ರೂಢಿಯಾದ ಸೊಸೆಯಂದಿರೇ. ಬೇಸಿಗೆಯಲ್ಲಿ ಗೊಬ್ಬರ ಹೇರಲು ಬಂಡಿ ಹೂಡಿದಾಗ ಅವರು ಪುಟ್ಟಿ ತುಂಬುವ ಮೊದಲು ತಿಪ್ಪೆಯ ಅಂಚಿನಲ್ಲಿ ಕೂತು ಪ್ಲಾಸ್ಟಿಕ್ ಆರಿಸುತ್ತಾರೆ. ಆರಿಸಿದ್ದನ್ನು ಒಂದು ಯೂರಿಯಾ ಚೀಲಕ್ಕೆ ತುಂಬುತ್ತಾರೆ. ಹಳ್ಳಿಗೆ ಭಂಗಾರದವನು ವಾರಕ್ಕೊಮ್ಮೆ ಬಂದರೂ ಅವನಿಗೆ ಪುಡಿಕೆ ಬೇಡ, ತೂಕ ಬರುವುದಿಲ್ಲ. ಹೀಗಾಗಿ ಆ ಚೀಲ ಬಾಯಿ ಕಟ್ಟಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ನಿಂತಿರುತ್ತದೆ. ಅತ್ತೆ ಕೇಳುತ್ತಾಳೆ, "ಇದನ್ನ ಎಲ್ಲಿ ಚೆಲ್ಲೂದ ತಂಗಿ?"